ನೀರಿನ ಗಣಿಗೆ ಇಳಿಯುವ ಊರವರು

ಈ ವಾರಾಂತ್ಯ ಮಕ್ಕಳ ಕೈಗೆ ಫೋನ್ ಕೊಡುವ ಮೊದಲು ನೀವೇ ಒಮ್ಮೆ ಮ್ಯಾಪ್ ತೆರೆಯಿರಿ. ಉಪಗ್ರಹದ ನೋಟ ಹಾಕಿಕೊಂಡು ಒಮಾನಿನ ನಿಜ್ವಾ, ಇಜ್ಕಿ ಊರುಗಳ ಸುತ್ತಲಿನ ಬಯಲನ್ನು ಹಿಗ್ಗಿಸುತ್ತಾ ಹೋಗಿ. ಸ್ವಲ್ಪ ತಾಳ್ಮೆ ಬೇಕು. ಬೆಟ್ಟದ ಕಡೆಯಿಂದ ಖರ್ಜೂರದ ತೋಟದ ಕಡೆಗೆ ಸಣ್ಣ ಸಣ್ಣ ಉಂಗುರಗಳ ಸಾಲೊಂದು ಕಾಣುತ್ತದೆ, ಯಾರೋ ಬೂದು ನೆಲದ ಮೇಲೆ ಮಣಿಸರ ಚಾಚಿಟ್ಟ ಹಾಗೆ. ಈಗ ಫೋನನ್ನು ಮಕ್ಕಳಿಗೆ ಕೊಟ್ಟು "ಇದೇನು, ಹೇಳಿ ನೋಡೋಣ" ಅನ್ನಿ. ಇರುವೆ ಗೂಡು, ಬಾಂಬ್ ಬಿದ್ದ ಗುಂಡಿ, ಅನ್ಯಗ್ರಹದವರು ಇಳಿದ ಜಾಗ, ಎಲ್ಲ ಉತ್ತರವೂ ಬರಲಿ. ಅವಸರ ಮಾಡಬೇಡಿ.

ಒಂದೊಂದು ಉಂಗುರವೂ ಒಂದೊಂದು ಗುಂಡಿಯ ಬಾಯಿ. ಆ ಬಾಯಿಯಿಂದ ಮನುಷ್ಯರು ಹಗ್ಗ ಹಿಡಿದು ಇಳಿದು, ಕೆಳಗೆ ಅಗೆದ ಮಣ್ಣು ಕಲ್ಲನ್ನು ಬುಟ್ಟಿಯಲ್ಲಿ ಮೇಲಕ್ಕೆ ಕಳಿಸಿದ್ದಾರೆ. ಆ ಮಣ್ಣನ್ನೇ ಗುಂಡಿಯ ಸುತ್ತ ದಿಬ್ಬದಂತೆ ಸುರಿದಿದ್ದಾರೆ, ಮಳೆ ಬಂದಾಗ ಕೆಸರುನೀರು ಒಳಗೆ ನುಗ್ಗದಿರಲಿ ಎಂದು. ಗುಂಡಿಯಿಂದ ಗುಂಡಿಗೆ ನೆಲದಡಿಯಲ್ಲಿ ಸುರಂಗವಿದೆ, ಸುರಂಗದಲ್ಲಿ ನೀರಿದೆ. ಇದಕ್ಕೆ ಇಲ್ಲಿ ಫಲಜ್ ಅನ್ನುತ್ತಾರೆ, ಬಹುವಚನ ಅಫ್ಲಾಜ್. ಆ ಪದದ ಮೂಲದಲ್ಲಿ ಪಾಲು ಮಾಡು ಎಂಬ ಅರ್ಥವಿದೆ. ನೀರನ್ನು ತರುವುದಕ್ಕಿಂತ ಹಂಚುವುದೇ ದೊಡ್ಡ ಕೆಲಸ ಎಂದು ಹೆಸರಿಟ್ಟವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಮಕ್ಕಳಿಗೆ ನಾನಾದರೆ ಇದನ್ನು "ನೀರಿನ ಗಣಿ" ಎಂದು ಹೇಳಿಕೊಡುತ್ತೇನೆ. ಗಣಿಯಲ್ಲಿರುವುದೆಲ್ಲ ಇಲ್ಲಿಯೂ ಇದೆ: ಇಳಿಯುವ ಗುಂಡಿ, ಅಡ್ಡಕ್ಕೆ ಕೊರೆದ ಸುರಂಗ, ಕುಸಿಯದಂತೆ ಕೊಟ್ಟ ಕಲ್ಲಿನ ಆಸರೆ, ಕೆಟ್ಟ ಗಾಳಿಯ ಭಯ, ಹಗ್ಗ, ಬುಟ್ಟಿ, ದೀಪ. ಹೊರಗೆ ಬರುವುದು ಮಾತ್ರ ಲೋಹದ ಬದಲು ನೀರು.

ಲೋಹದ ಗಣಿಗಳೂ ಈ ನಾಡಿಗೆ ಹೊಸವಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಸುಮೇರಿಯದ ಮಣ್ಣಿನ ಹಲಗೆಗಳಲ್ಲಿ ಮಗನ್ ಎಂಬ ತಾಮ್ರದ ನಾಡಿನ ಹೆಸರು ಬರುತ್ತದೆ. ಅದು ಇಂದಿನ ಒಮಾನ್ ಮತ್ತು ಅದಕ್ಕೆ ತಾಗಿದ ಪ್ರದೇಶ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಕಾಲದಲ್ಲೇ ನಮ್ಮ ಉಪಖಂಡದ ಜೊತೆಗೂ ಹೋಗುಬರುವುದಿತ್ತು. ಕಡಲಾಮೆ ನೋಡಲು ನಾವೆಲ್ಲ ಹೋಗುವ ರಾಸ್ ಅಲ್ ಜಿನ್ಜ್‌ನಲ್ಲಿ ಸಿಂಧೂ ನಾಗರಿಕತೆಯ ಮಡಕೆ ಚೂರುಗಳೂ ಮುದ್ರೆಯೂ ಸಿಕ್ಕಿವೆ. ಸೊಹಾರ್‌ನ ಹಿಂದಿನ ಬೆಟ್ಟಗಳಲ್ಲಿ, ವಾದಿ ಜಿಝ್ಝಿಯ ಸುತ್ತಮುತ್ತ, ಲಸೈಲ್, ಅರ್ಜಾ ಎಂಬಲ್ಲಿ 9, 10ನೇ ಶತಮಾನದಲ್ಲಿ ತಾಮ್ರ ಕರಗಿಸಿ ಚೆಲ್ಲಿದ ಕರಿ ಕಿಟ್ಟದ ರಾಶಿಗಳು ಇದ್ದವು. 1983ರಲ್ಲಿ ಅಲ್ಲೇ ಹೊಸ ಗಣಿಗಾರಿಕೆ ಶುರುವಾಗಿ ಹತ್ತು ಹನ್ನೊಂದು ವರ್ಷ ನಡೆದು ನಿಂತಿತು. ಜರ್ಮನಿಯ ಬೋಖುಮ್ ನಗರದ ಗಣಿ ವಸ್ತುಸಂಗ್ರಹಾಲಯದವರು, ಗೆರ್ಡ್ ವೈಸ್‌ಗರ್ಬರ್ ಎಂಬ ತಜ್ಞರ ನೇತೃತ್ವದಲ್ಲಿ, 1970ರ ದಶಕದ ಕೊನೆಯಿಂದ ಈ ಹಳೆ ಗಣಿಗಳನ್ನು ಒಂದೊಂದಾಗಿ ದಾಖಲಿಸಿದರು. ಸಮದ್ ಕಣಿವೆಯ ಮೈಸರ್ ಎಂಬಲ್ಲಿ ಅವರಿಗೆ ಕಂಚಿನ ಯುಗದ ತಾಮ್ರದ ಗಟ್ಟಿಗಳು ಸಿಕ್ಕವು, ಬನ್ನಿನ ಆಕಾರದವು. ಅದೇ ಮೈಸರ್‌ನಲ್ಲಿ ಕಬ್ಬಿಣ ಯುಗದ ಫಲಜ್ ಒಂದೂ ಸಿಕ್ಕಿತು. ತಾಮ್ರಕ್ಕಾಗಿ ಬೆಟ್ಟ ಕೊರೆಯಲು ಕಲಿತ ಕೈಗಳೇ ಮುಂದೆ ನೀರಿಗಾಗಿ ನೆಲ ಕೊರೆದವೋ ಏನೋ, ಎರಡನ್ನೂ ಅಕ್ಕಪಕ್ಕ ಕಂಡಾಗ ಹಾಗನ್ನಿಸದೆ ಇರುವುದಿಲ್ಲ.

ತಾಮ್ರದ ಗಣಿಗಳಿಗೆ ನಾವು ನೀವು ಕೈ ಹಾಕುವಂತಿಲ್ಲ. ಅದು ಪುರಾತತ್ವದವರ ಕೆಲಸ. ಹೊಳೆಯುವ ಕಿಟ್ಟದ ಚೂರನ್ನು ಮಕ್ಕಳು ಜೇಬಿಗೆ ಹಾಕಿಕೊಂಡರೆ ಅಲ್ಲೇ ತೆಗೆಸಿ ಇಟ್ಟು ಬನ್ನಿ, ಹಳೆ ತಾಣದಿಂದ ಏನನ್ನೂ ಒಯ್ಯಬಾರದು. ನೀರಿನ ಗಣಿಯ ಕಥೆ ಬೇರೆ. ಅದನ್ನು ಕಟ್ಟಿದ್ದೂ ಊರವರು, ಪಾಳು ಬಿದ್ದಾಗ ಎಬ್ಬಿಸಬೇಕಾದವರೂ ಊರವರು.

ಕಾಲು ಭಾಗಕ್ಕೂ ಹೆಚ್ಚು ಸತ್ತವು

1997-98ರಲ್ಲಿ ಒಮಾನ್ ಸರ್ಕಾರ ದೇಶದ ಎಲ್ಲ ಅಫ್ಲಾಜ್‌ಗಳ ಲೆಕ್ಕ ಹಿಡಿಯಿತು. ಒಟ್ಟು 4112. ಅದರಲ್ಲಿ ನೀರು ಹರಿಯುತ್ತಿದ್ದವು 3017. ಉಳಿದ ಸಾವಿರಕ್ಕೂ ಹೆಚ್ಚು ಫಲಜ್‌ಗಳು ಆ ಹೊತ್ತಿಗೇ ಬತ್ತಿದ್ದವು.

ಯಾಕೆ ಬತ್ತಿದವು ಎಂದು ಕೇಳಿದರೆ ಉತ್ತರ ನಮಗೆ ಅಪರಿಚಿತವೇನಲ್ಲ. ಮೊದಲನೆಯದು ಪಂಪು. ಫಲಜ್‌ಗೆ ಎಂಜಿನ್ ಇಲ್ಲ. ಬೆಟ್ಟದ ತಪ್ಪಲಿನ ತಾಯಿಬಾವಿಯಿಂದ (ಅರಬ್ಬಿಯಲ್ಲೂ ಅದಕ್ಕೆ ಉಮ್ಮ್, ಅಂದರೆ ತಾಯಿ ಎಂದೇ ಹೆಸರು) ತೋಟದವರೆಗೆ ನೀರು ಇಳಿಜಾರನ್ನು ನಂಬಿ ನಡೆದು ಬರುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಅಷ್ಟು ನಾಜೂಕಿನ ಲೆಕ್ಕ. ಪಕ್ಕದಲ್ಲಿ ಯಾರೋ ಕೊಳವೆಬಾವಿ ತೋಡಿ ಪಂಪು ಹಾಕಿ ಅಂತರ್ಜಲವನ್ನು ಸ್ವಲ್ಪ ಕೆಳಗಿಳಿಸಿದರೂ ಸಾಕು, ತಾಯಿಬಾವಿ ಒಣಗಿತು. ಎರಡನೆಯದು ಕೈಗಳ ಅಭಾವ. 1970ರ ನಂತರ ಊರಿನ ಹುಡುಗರು ಮಸ್ಕತ್ತಿಗೆ, ತೈಲದ ಕೆಲಸಕ್ಕೆ, ಸರ್ಕಾರಿ ಕಚೇರಿಗೆ ಹೋದರು. ಗುಂಡಿಗೆ ಇಳಿಯುವವರು ಮುದುಕರಾದರು.

ಇಳಿಯಲೇಬೇಕು ಎನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಫಲಜ್ ಒಮ್ಮೆ ಕಟ್ಟಿ ಬಿಟ್ಟುಬಿಡುವ ಸೇತುವೆಯಂಥದ್ದಲ್ಲ. ನೀರು ಬರುವಾಗ ಮಣ್ಣನ್ನೂ ತರುತ್ತದೆ. ಖರ್ಜೂರದ ಬೇರು ತೇವ ಹುಡುಕಿಕೊಂಡು ಒಳಗೆ ನುಗ್ಗುತ್ತದೆ. ಸೂರಿನ ಕಲ್ಲು ಸಡಿಲುತ್ತದೆ. ಆಗಾಗ ಒಬ್ಬರು ಒಳಗೆ ಇಳಿದು, ಬಗ್ಗಿ, ಕೆಲವು ಕಡೆ ತೆವಳಿ, ಹೂಳನ್ನು ಬುಟ್ಟಿಗೆ ತುಂಬಬೇಕು. ಮೇಲಿರುವವರು ಹಗ್ಗ ಎಳೆಯಬೇಕು. ಬಿದ್ದ ಕಲ್ಲನ್ನು ಮತ್ತೆ ಕೂರಿಸಬೇಕು. ನೆಲದ ಮೇಲೆ ತೆರೆದ ಕಾಲುವೆ ಒಡೆದಿದ್ದರೆ ಗಾರೆ ಹಾಕಬೇಕು. ಇಲ್ಲಿಯ ಸಾಂಪ್ರದಾಯಿಕ ಗಾರೆಗೆ ಸಾರೂಜ್ ಎಂದು ಹೆಸರು. ಜೇಡಿಮಣ್ಣನ್ನು ಖರ್ಜೂರದ ಮರದ ಕಟ್ಟಿಗೆಯಲ್ಲಿ ಸುಟ್ಟು ಪುಡಿ ಮಾಡಿ ಮಾಡುವ ಅದು ನಮ್ಮ ಹಳೆ ಮನೆಗಳ ಸುರ್ಕಿ ಗಾರೆಯ ನೆಂಟ. ಇದನ್ನೆಲ್ಲ ಕೆಲವು ವರ್ಷ ಬಿಟ್ಟರೆ ಗಣಿ ಮುಚ್ಚಿಕೊಳ್ಳುತ್ತದೆ. ನೀರು ಹೋದರೆ ತೋಟ, ತೋಟ ಹೋದರೆ ಊರು. ಒಮಾನಿನ ಒಳನಾಡಿನಲ್ಲಿ ನೀವು ನೋಡುವ ಪಾಳು ಮಣ್ಣಿನ ಮನೆಗಳ ಪಕ್ಕದಲ್ಲಿ ಬಹಳ ಸಲ ಒಣಗಿದ ಕಾಲುವೆಯೂ ಇರುತ್ತದೆ, ಗಮನಿಸಿ.

ಈ ಕೆಲಸದ ಕಸುಬುದಾರರು ಅವಾಮಿರ್ ಎಂಬ ಬುಡಕಟ್ಟಿನವರು. ಎಲ್ಲಿ ಅಗೆದರೆ ನೀರು, ಯಾವ ಮಣ್ಣು ಕುಸಿಯುತ್ತದೆ ಎಂಬುದನ್ನು ಅಪ್ಪನಿಂದ ಮಗ ಕಲಿಯುತ್ತಿದ್ದ. ಅಗೆಯುವಾಗ ನೀರು ಹೊರಬೀಳುವ ತುದಿಯಿಂದ ಶುರುಮಾಡಿ ಬೆಟ್ಟದ ಕಡೆಗೆ ಹೋಗುವುದು ರೂಢಿ, ಒಳಗೆ ನೀರು ಸಿಕ್ಕರೆ ಅದು ಹಿಂದಕ್ಕೆ ಹರಿದು ಹೋಗಲಿ, ಅಗೆಯುವವನು ಮುಳುಗದಿರಲಿ ಎಂದು. ದಾರಿಗೆ ಒಂದು ಹಳ್ಳ ಅಡ್ಡ ಬಂದರೆ? ಹಳ್ಳದ ಈಚೆ ಒಂದು ಬಾವಿ, ಆಚೆ ಒಂದು ಬಾವಿ, ಹಳ್ಳದ ತಳಕ್ಕಿಂತ ಕೆಳಗೆ ಎರಡನ್ನೂ ಸೇರಿಸುವ ಕೊಳವೆ. ಈಚೆ ಇಳಿದ ನೀರು ಆಚೆ ತಾನಾಗಿ ಏಳುತ್ತದೆ. ಗಿಡಕ್ಕೆ ನೀರು ಹಾಕುವ ಪೈಪನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ನೀರು ತುಂಬಿ ತೋರಿಸಿ, ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಇಷ್ಟು ಕಷ್ಟದ ಕೆಲಸವನ್ನು ಮನುಷ್ಯರು ಮಾಡಿದ್ದಾರೆ ಎಂದು ಹಿಂದಿನವರಿಗೂ ನಂಬಿಕೆ ಬರಲಿಲ್ಲವೋ ಏನೋ. ದಾವೂದನ ಮಗ ಸುಲೈಮಾನ್ ಗಾಳಿಯಲ್ಲಿ ಹಾರುವ ಆಸನದಲ್ಲಿ ಇಲ್ಲಿಗೆ ಬಂದು, ಹತ್ತು ದಿನ ತಂಗಿ, ತನ್ನ ಜಿನ್‌ಗಳಿಂದ ಹತ್ತು ಸಾವಿರ ಕಾಲುವೆ ತೋಡಿಸಿದ ಎಂದು ಇಲ್ಲಿ ಕಥೆಯಿದೆ. ನೆಲದಡಿಯ ಉದ್ದ ಫಲಜ್‌ಗೆ ದಾವೂದಿ ಎಂಬ ಹೆಸರು ಹಾಗೆ ಬಂದದ್ದಂತೆ. ಮಲಗುವ ಹೊತ್ತಿನ ಕಥೆಗೆ ಇದಕ್ಕಿಂತ ಬೇರೇನು ಬೇಕು?

ವಕೀಲ, ದಲ್ಲಾಳಿ, ಬೀದರ್

ಎರಡು ಭಾಷೆಯ ಮಕ್ಕಳನ್ನು ಸಾಕುವ ನಮಗೆ ಫಲಜ್‌ನ ಆಡಳಿತದಲ್ಲೊಂದು ಪುಟ್ಟ ನಿಧಿ ಇದೆ. ಫಲಜ್ ನೋಡಿಕೊಳ್ಳುವ ಮುಖ್ಯಸ್ಥನಿಗೆ ವಕೀಲ್ ಎನ್ನುತ್ತಾರೆ. ಲೆಕ್ಕದ ಪುಸ್ತಕ ಇಟ್ಟುಕೊಳ್ಳುವವನು ಅಮೀನ್ ಅದ್ದಫ್ತರ್. ಫಲಜ್‌ನ ಖರ್ಚಿಗೆಂದು ಮೀಸಲಿಟ್ಟ ನೀರಿನ ಪಾಲನ್ನು ಹರಾಜು ಕೂಗುವವನು ದಲ್ಲಾಲ್. ನಮ್ಮ ವಕೀಲರು, ಕೋರ್ಟಿನ ಅಮೀನರು, ಹಳೆ ಕಚೇರಿಯ ದಫ್ತರ, ಅಡಿಕೆ ಮಂಡಿಯ ದಲ್ಲಾಳಿ ಎಲ್ಲ ಇದೇ ಮನೆತನದ ಪದಗಳು. ಅರಬ್ಬಿಯಿಂದ ಹೊರಟು, ಪಾರಸಿಯ ಜೊತೆ ಸೇರಿ, ಸುಲ್ತಾನರ ಕಚೇರಿಗಳ ಮೂಲಕ ಕನ್ನಡಕ್ಕೆ ಬಂದು ಕೂತವು. ಅರಬ್ಬಿ ಪಾಠವಿರುವ ಶಾಲೆಗೆ ಹೋಗುವ ಮಗುವಿಗೆ ಇದನ್ನು ತೋರಿಸಿದರೆ ಎರಡು ಪುಸ್ತಕಗಳ ನಡುವೆ ಒಂದು ಬಾಗಿಲು ತೆರೆದಂತೆ. ಇನ್ನೊಂದು ತಮಾಷೆ: ಫಲಜ್‌ನಲ್ಲಿ ಮೈಮುರಿದು ದುಡಿಯುವ ಕೆಲಸಗಾರನಿಗೆ ಇಲ್ಲಿ ಬೀದರ್ ಅನ್ನುತ್ತಾರೆ. ನಮ್ಮ ಬೀದರ್ ಊರಿಗೂ ಇದಕ್ಕೂ ಪದದ ನಂಟಿಲ್ಲ. ಆದರೆ ಆ ಊರಿನ ಮಾತು ಮುಂದೆ ಬರಲಿದೆ, ಹೆಸರು ನೆನಪಿರಲಿ.

ನೀರನ್ನು ಇಲ್ಲಿ ಅಳೆಯುವುದು ಲೀಟರಿನಲ್ಲಲ್ಲ, ಸಮಯದಲ್ಲಿ. ಒಂದು ಅಥರ್ ಅಂದರೆ ಸುಮಾರು ಅರ್ಧ ಗಂಟೆ ನಿಮ್ಮ ತೋಟಕ್ಕೆ ನೀರು. ಹಗಲು ನೆಲಕ್ಕೆ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರು. ಈಗ ಗಡಿಯಾರ ಬಂದಿದೆ, ಆದರೂ ನೆರಳಿನ ಕೋಲು ಕೆಲವು ಊರಲ್ಲಿ ನಿಂತೇ ಇದೆ. ನೀರು ಹೊರಬಿದ್ದ ಮೊದಲ ಜಾಗ ಕುಡಿಯುವುದಕ್ಕೆ. ಅಲ್ಲಿ ಯಾರೂ ಕಾಲು ಅದ್ದುವುದಿಲ್ಲ. ಮಸೀದಿ, ಸ್ನಾನದ ಕಟ್ಟೆಗಳು ಅದರ ಕೆಳಗೆ. ಆಮೇಲೆ ಖರ್ಜೂರದ ತೋಟ. ಉಳಿದರೆ ಕಡೆಗೆ ಋತುವಿನ ಬೆಳೆ. ಬರ ಬಂದರೆ ಕೊನೆಯ ಗದ್ದೆಯನ್ನು ಮೊದಲು ಬಿಡುತ್ತಾರೆ, ವರ್ಷಗಟ್ಟಲೆ ಸಾಕಿದ ಮರಗಳು ಉಳಿಯುತ್ತವೆ.

ಯುನೆಸ್ಕೋ 2006ರಲ್ಲಿ ಇಂಥ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು: ಖತ್ಮೀನ್, ಮಲ್ಕಿ, ದಾರಿಸ್, ಮುಯಸ್ಸರ್, ಜೀಲಾ. ನಿಜ್ವಾ ವಿಶ್ವವಿದ್ಯಾಲಯದಲ್ಲಿ ಅಫ್ಲಾಜ್ ಅಧ್ಯಯನಕ್ಕೆಂದೇ ಯುನೆಸ್ಕೋ ಪೀಠವಿದೆ. ಪಟ್ಟಿ, ಪೀಠ ಎಲ್ಲ ಒಳ್ಳೆಯದೇ. ಬುಟ್ಟಿ ಎಳೆಯುವ ಕೈ ಮಾತ್ರ ಊರಿನದೇ ಆಗಬೇಕು. ಅದು ಆಗುತ್ತಲೂ ಇದೆ ಎನ್ನುವುದಕ್ಕೆ ಜಬಲ್ ಶಮ್ಸ್ ದಾರಿಯಲ್ಲಿ ಸಿಗುವ ಮಿಸ್ಫತ್ ಅಲ್ ಅಬ್ರಿಯೀನ್ ಒಂದು ಸಾಕ್ಷಿ. ಅಲ್ಲಿಯವರು ತಮ್ಮ ಅಜ್ಜಂದಿರು ಬಿಟ್ಟುಹೋಗಿದ್ದ ಮಣ್ಣಿನ ಮನೆಗಳನ್ನು ತಾವೇ ಸರಿಪಡಿಸಿ ಅತಿಥಿಗೃಹ ಮಾಡಿದರು. ಮೆಟ್ಟಿಲು ಮೆಟ್ಟಿಲಾದ ತೋಟಗಳಿಗೆ ಫಲಜ್ ನೀರು ಇವತ್ತಿಗೂ ಹರಿಯುತ್ತಿದೆ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆ ಅದನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳಲ್ಲಿ ಒಂದೆಂದು ಆರಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಗೆ ಅಪ್ಪಳಿಸಿದಾಗ ನಡೆದದ್ದು ಮಸ್ಕತ್ತಿನಲ್ಲಿದ್ದ ಯಾರಿಗೂ ಮರೆಯುವಂಥದ್ದಲ್ಲ. ಕೆಸರು ತುಂಬಿದ ಸುವೈಕ್, ಖಾಬೂರಾ ಊರುಗಳಿಗೆ ದೇಶದ ಮೂಲೆಮೂಲೆಯಿಂದ ಜನ ಸಲಿಕೆ, ಬಕೆಟ್ ಹಿಡಿದು ಬಂದರು. ಯಾರದೋ ಮನೆಯ ಕೆಸರನ್ನು ಇನ್ಯಾರೋ ಎತ್ತಿದರು. ಒಟ್ಟಾಗಿ ಹೂಳೆತ್ತುವ ಅಭ್ಯಾಸ ತಲೆತಲಾಂತರದಿಂದ ಇರುವ ನಾಡಲ್ಲಿ ಅದು ಆಶ್ಚರ್ಯವೇನಲ್ಲ ಅನ್ನಿಸಿತು ನನಗೆ.

ನಮ್ಮ ಮನೆಯ ಹಿತ್ತಲಲ್ಲೂ ಇದೆ

"ಒಮಾನಿನವರು ಎಷ್ಟು ಜಾಣರು" ಎಂದು ಮಕ್ಕಳು ಹೇಳಿದಾಗ ಅಲ್ಲಿಗೇ ಬಿಡಬೇಡಿ. ನಮ್ಮಲ್ಲೂ ಇದೆ ಎಂದು ಹೇಳಿ.

ನೀವು ಪುತ್ತೂರು, ವಿಟ್ಲ, ಕಾಸರಗೋಡು ಕಡೆಯವರಾದರೆ ಸುರಂಗ ಎಂಬ ಪದ ನಿಮಗೆ ರೈಲು ಹೋಗುವ ದಾರಿಯನ್ನು ನೆನಪಿಸುವುದಿಲ್ಲ, ನೀರನ್ನು ನೆನಪಿಸುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆ, ಈಚೆಗೆ ಮಾಣಿಲ, ಕೇಪು. ಈ ಗುಡ್ಡದ ಊರುಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲದ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ತಂದು, ಅಡಿಕೆ ಮರದ ದಂಬೆಯಲ್ಲಿ ಹರಿಸಿ ಕೆರೆಗೆ ಬೀಳಿಸುತ್ತಾರೆ. ಇಂಥವು ಸಾವಿರಗಟ್ಟಲೆ ಇವೆ. ಬರಹಗಾರ ಶ್ರೀ ಪಡ್ರೆಯವರು ಇವುಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಅರಬ್ಬಿ ಕಡಲಿನ ವ್ಯಾಪಾರದ ಜೊತೆ ಈ ವಿದ್ಯೆ ಆಚೆಯಿಂದ ಬಂತು ಎನ್ನುವವರಿದ್ದಾರೆ, ಇಲ್ಲೇ ಹುಟ್ಟಿತು ಎನ್ನುವವರೂ ಇದ್ದಾರೆ. ಮಕ್ಕಳು ಎರಡನ್ನೂ ಕೇಳಲಿ, ಜಗಳವಾಡಲಿ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರ ಕಥೆಯನ್ನಂತೂ ಹೇಳಲೇಬೇಕು. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುವ ಕೆಲಸ ಮಾಡುತ್ತಿದ್ದ ಅವರಿಗೆ ಗುಡ್ಡದ ಮೇಲೊಂದು ಬರಡು ಜಾಗ ಸಿಕ್ಕಿತು. ನೀರಿಲ್ಲ. ಹಗಲು ಕೂಲಿ ಮಾಡಿ, ಕೆಲಸ ಮುಗಿಸಿ ಬಂದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಗುಡ್ಡ ಕೊರೆದರು. ಒಂದು ಸುರಂಗದಲ್ಲಿ ನೀರು ಬರಲಿಲ್ಲ. ಇನ್ನೊಂದರಲ್ಲೂ ಬರಲಿಲ್ಲ. ವರ್ಷಗಳ ಶ್ರಮ ಹಾಳಾಯಿತೆಂದು ಊರವರು ಆಡಿಕೊಳ್ಳುವಾಗಲೂ ಅವರು ಮುಂದಿನ ಸುರಂಗ ಶುರುಮಾಡುತ್ತಿದ್ದರು. ಕೊನೆಗೆ ನೀರು ಸಿಕ್ಕಿತು, ಗುಡ್ಡ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೂಪರ್ ಹೀರೋ ಸಿನಿಮಾಗಳ ನಡುವೆ ಈ ಅಜ್ಜನಿಗೂ ಒಂದು ಸಂಜೆ ಕೊಡಿ. "ನೀನಾಗಿದ್ದರೆ ಎಷ್ಟನೇ ಸುರಂಗಕ್ಕೆ ನಿಲ್ಲಿಸುತ್ತಿದ್ದೆ?" ಎಂದು ಕೇಳಿ ನೋಡಿ. ಈ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಅಪ್ಪ ಅಮ್ಮಂದಿರಿಗೂ ಹೊಸ ವಿಷಯ ತಿಳಿಸುತ್ತದೆ.

ಇನ್ನು ಬೀದರ್. ಅಲ್ಲಿಯದು ಒಂಟಿ ಮನುಷ್ಯನ ಸುರಂಗವಲ್ಲ, ಒಮಾನಿನ ಹಾಗೆಯೇ ಗುಂಡಿಗಳ ಸಾಲಿರುವ ದೊಡ್ಡ ವ್ಯವಸ್ಥೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದರು. ಅವರ ಆಸ್ಥಾನಕ್ಕೆ ಪಾರಸಿ ನಾಡಿನಿಂದ ಬಂದವರು ಬಹಳ. ಅಲ್ಲಿಯ ಕರೇಜ್ ವಿದ್ಯೆ ಇಲ್ಲಿಯ ಕೆಂಪುಕಲ್ಲಿಗೆ ಹೊಂದಿಕೊಂಡಿತು. ಬೀದರಿನ ನೆಲದಲ್ಲಿ ಮೇಲೆ ನೀರು ಹೀರುವ ಕೆಂಪುಕಲ್ಲು, ಕೆಳಗೆ ನೀರು ಬಿಡದ ಕರಿಕಲ್ಲು. ಎರಡರ ನಡುವೆ ನಿಂತ ನೀರನ್ನು ಸುರಂಗ ಹಿಡಿದು ತರುತ್ತದೆ. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಮೂರು ಕಡೆ ಇದರ ಗುರುತುಗಳಿವೆ. ಊರವರ ಬಾಯಲ್ಲಿ ನೌಬಾದಿನದು ಸುರಂಗ ಬಾವಿ.

ಅದೂ ಪಾಳು ಬಿದ್ದಿತ್ತು. ಗುಂಡಿಗಳಿಗೆ ಕಸ ತುಂಬಿತ್ತು, ಕೆಲವು ಹೊಸ ಬಡಾವಣೆಯಡಿ ಮುಚ್ಚಿ ಹೋಗಿದ್ದವು. ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ಅವರು ಒಳಗೆ ಇಳಿದು, ಅಳತೆ ತೆಗೆದು, ಸುರಂಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಮಾಡಿದರು. ಸುಮಾರು ಹತ್ತು ವರ್ಷದ ಹಿಂದೆ ಜಿಲ್ಲಾಡಳಿತ ನೌಬಾದಿನ ಹೂಳು ತೆಗೆಸಲು ಹೊರಟಿತು. 2016ರ ಬರದ ಹೊತ್ತಿಗೆ ಟೀಮ್ ಯುವಾ ಎಂಬ ಬೀದರಿನ ಯುವಕರ ಗುಂಪು ಊರಿನ ಹಳೆ ಬಾವಿಗಳ ಹೂಳೆತ್ತಲು ಕೈಜೋಡಿಸಿತು. ನೆಲದಡಿ ಏನಿದೆ ಎಂದು ಗೊತ್ತಿಲ್ಲದೆ ಅದರ ಮೇಲೆ ಓಡಾಡುತ್ತಿದ್ದವರಿಗೆ, ಕೆಳಗೆ ನೀರು ಇನ್ನೂ ಇದೆ ಎಂದು ಆಗ ತಿಳಿಯಿತು. ಗೆದ್ದಾಯಿತು ಎಂದು ಹೇಳುವ ಹಾಗಿಲ್ಲ. ಒಂದು ಗುಂಡಿಯನ್ನು ಮುಚ್ಚಿ ಮನೆ ಕಟ್ಟಿದರೆ ಇಡೀ ಸಾಲಿಗೆ ಹೊಡೆತ, ಮತ್ತು ಊರು ಬೆಳೆಯುತ್ತಲೇ ಇದೆ. ಕಾಸರಗೋಡಿನಲ್ಲಿ ಕೊಳವೆಬಾವಿ ಸುರಂಗವನ್ನು ಒಣಗಿಸುತ್ತಿರುವುದೂ, ಒಮಾನಿನಲ್ಲಿ ಪಂಪು ಮಾಡಿದ್ದೂ ಒಂದೇ ಕೆಲಸ. ಕೆಲವೆಡೆ ನೀರಿಗಿಂತ ಮೊದಲು ಬತ್ತುವುದು ಸುರಂಗ ಬಲ್ಲ ಕೆಲಸಗಾರರು.

ಬ್ರಿಟನ್ನಿನಲ್ಲಿ ಓದುತ್ತಿರುವವರಿಗೊಂದು ಮಾತು. ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಬಳಿಯ ಕಿಂಗ್ ಎಡ್ವರ್ಡ್ ಮೈನ್‌ನಲ್ಲಿ ತವರದ ಅದಿರು ಬೇರ್ಪಡಿಸುವ ಹಳೆ ಯಂತ್ರಗಳನ್ನು ಸ್ವಯಂಸೇವಕರು ಮತ್ತೆ ತಿರುಗುವಂತೆ ಮಾಡಿದ್ದಾರೆ. ಅದೇ ಕಾರ್ನ್‌ವಾಲ್‌ನ ಗಣಿಗಾರರು ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದು ದುಡಿದವರು. ಕೋಲಾರದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಮಕ್ಕಳನ್ನು ಕರೆದುಕೊಂಡು ಹೋಗಿ, ಕೆಜಿಎಫ್ ಅಂದರೆ ಸಿನಿಮಾ ಅಷ್ಟೇ ಅಲ್ಲ ಎಂದು ಹೇಳಲು ಒಳ್ಳೆಯ ನೆಪ.

ಮನೆಯಲ್ಲಿ ಏನು ಮಾಡಬಹುದು

ನಮ್ಮ ಮಕ್ಕಳ ಕನ್ನಡದಲ್ಲಿ ಎಲ್ಲವೂ "ಕ್ಲೀನ್ ಮಾಡು" ಆಗಿಬಿಟ್ಟಿದೆ, ಗಮನಿಸಿದ್ದೀರಾ? ನೆಲ ಗುಡಿಸುವುದು, ಮೇಜು ಒರೆಸುವುದು, ಪಾತ್ರೆ ಬೆಳಗುವುದು, ಚರಂಡಿ ಬಳಿಯುವುದು, ಕಳೆ ಕೀಳುವುದು, ಕೆರೆಯ ಹೂಳೆತ್ತುವುದು, ಎಲ್ಲಕ್ಕೂ ಒಂದೇ ಪದ. ತಪ್ಪು ಅವರದಲ್ಲ. ಫ್ಲಾಟಿನಲ್ಲಿ ಬೆಳೆಯುವ ಮಗು ಹೂಳನ್ನು ಎಲ್ಲಿ ನೋಡಬೇಕು? ಪದಗಳ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ. ಕೆಲಸ ಬೇಕು, ಕೈಗೆ ಮಣ್ಣಾಗಬೇಕು.

ಕಡಲ ದಂಡೆಗೆ ಹೋದಾಗ ಮರಳಿನಲ್ಲಿ ಒಂದು ಫಲಜ್ ಮಾಡಿಸಿ. ಒದ್ದೆ ಮರಳಿನ ಗುಡ್ಡ, ಮೇಲೊಂದು ತಾಯಿಬಾವಿ, ಕೆಳಗೊಂದು ತೋಟ, ನಡುವೆ ಸಾಲಾಗಿ ಗುಂಡಿ, ಗುಂಡಿಯಿಂದ ಗುಂಡಿಗೆ ಬೆರಳಲ್ಲಿ ಕೊರೆದ ಸುರಂಗ. ಕುಸಿಯುತ್ತದೆ. ಕುಸಿಯಲಿ. ಆಗ ತಾನೇ ಆಸರೆ, ಸೂರು, ಜಿನುಗು, ಬಿರುಕು, ಇಳಿಜಾರು ಎಂಬ ಪದಗಳಿಗೆ ಕೆಲಸ ಸಿಗುವುದು. ಒಬ್ಬ ವಕೀಲನಾಗಲಿ, ಒಬ್ಬಳು ದಲ್ಲಾಳಿಯಾಗಿ ನೀರನ್ನು ಹರಾಜು ಹಾಕಲಿ. ಮನೆಯಲ್ಲಿ ಟ್ಯಾಬ್‌ಗೆ ಜಗಳವಾಡುವ ಅಣ್ಣ ತಂಗಿಗೆ ಅಥರ್ ಲೆಕ್ಕ ಹಾಕಿಕೊಡಿ: ಬಾಲ್ಕನಿಯಲ್ಲಿ ಕೋಲು ನಿಲ್ಲಿಸಿ, ನೆರಳು ಈ ಗೆರೆಗೆ ಬಂದರೆ ಸರದಿ ಅವಳದು. ಮೋಡ ಬಂದ ದಿನ ಏನು ಮಾಡುವುದು ಎಂಬ ವಾದ ಕನ್ನಡದಲ್ಲೇ ನಡೆಯಬೇಕು ಎಂಬುದೊಂದೇ ಷರತ್ತು. ಊರಿನ ಅಜ್ಜನಿಗೆ ಫೋನ್ ಮಾಡಿ, ನಿಮ್ಮ ಬಾವಿಗೆ ಯಾರು ಇಳಿಯುತ್ತಿದ್ದರು, ಹೂಳೆತ್ತುವ ದಿನ ಅಡುಗೆ ಏನಿರುತ್ತಿತ್ತು ಎಂದು ಕೇಳಿಸಿ. ಅಜ್ಜಂದಿರು "ಊಟ ಆಯ್ತಾ, ಶಾಲೆ ಹೇಗಿದೆ" ದಾಟಿ ಮಾತಾಡಲು ಇಂಥ ಒಂದು ಪ್ರಶ್ನೆಗೆ ಕಾಯುತ್ತಿರುತ್ತಾರೆ.

ಹೋಗುವವರಿಗೆ ಒಂದೆರಡು ಎಚ್ಚರಿಕೆ, ಇದರಲ್ಲಿ ಮಾತ್ರ ಸಲಿಗೆ ಬೇಡ. ಹಳೆ ಗುಂಡಿಯ ದಿಬ್ಬದ ಮೇಲೆ ಮಕ್ಕಳನ್ನು ಹತ್ತಿಸಬೇಡಿ, ಅಂಚು ಯಾವಾಗ ಜಾರುತ್ತದೆಂದು ಹೇಳಲಾಗದು. ಫಲಜ್ ಆಗಲಿ ತಾಮ್ರದ ಗಣಿಯಾಗಲಿ, ಒಳಗೆ ಇಣುಕುವುದೂ ಬೇಡ. ಕಾಸರಗೋಡಿನಲ್ಲಿ ಸುರಂಗ ಅಗೆಯುವವರು ಉರಿಯುವ ದೀಪ ಅಥವಾ ಮೇಣದಬತ್ತಿ ಇಟ್ಟುಕೊಂಡೇ ಒಳಹೋಗುತ್ತಾರೆ, ಅದು ನಂದಿದರೆ ಗಾಳಿ ಕೆಟ್ಟಿದೆ ಎಂದು ತಿಳಿದು ಹೊರಬರಲು. ಕಸುಬಿನವರೇ ಅಷ್ಟು ಹೆದರುವ ಜಾಗ ಅದು. ಮಳೆಯ ಮುನ್ಸೂಚನೆ ಇದ್ದರೆ ವಾದಿಗಳ ಕಡೆಗೆ ಹೋಗಲೇಬೇಡಿ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಪ್ರವಾಹಕ್ಕೆ ಸಿಕ್ಕಿ ಎಷ್ಟು ಮನೆಗಳು ಕತ್ತಲಾದವು ಎಂಬುದು ಇಲ್ಲಿರುವ ಅಪ್ಪ ಅಮ್ಮಂದಿರಿಗೆ ಗೊತ್ತು.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಸ್ಕತ್ತಿನಿಂದ ನಿಜ್ವಾ ದಾರಿಯಲ್ಲಿ, ನಿಜ್ವಾಕ್ಕೆ ಸ್ವಲ್ಪ ಮೊದಲೇ ಬಿರ್ಕತ್ ಅಲ್ ಮೌಜ್ ಸಿಗುತ್ತದೆ. ಫಲಜ್ ಖತ್ಮೀನ್ ಅಲ್ಲಿಯದು. ನೆಲದಿಂದ ಹೊರಬಂದ ನೀರು ಅಲ್ಲಿ ಮೂರು ಸಮಪಾಲಾಗಿ ಒಡೆಯುವುದನ್ನು ಮಕ್ಕಳು ಬಗ್ಗಿ ನೋಡಬಹುದು. ಸಾಬೂನು, ಚಿಪ್ಸ್ ಪೊಟ್ಟಣ ನೀರಿನ ಹತ್ತಿರ ಬೇಡ. ಕಾಲು ಇಳಿಬಿಡುವ ಮೊದಲು ಯಾವ ಜಾಗ ಕುಡಿಯುವ ನೀರಿನದು ಎಂದು ಕೇಳಿಕೊಳ್ಳಿ. ದಂಡೆಯಲ್ಲಿ ಕಾಫಿ ಹೀರುತ್ತಾ ಕೂತ ಹಿರಿಯರೊಬ್ಬರು ಬಹುಶಃ ಇರುತ್ತಾರೆ. ನಿಮ್ಮ ಅರಬ್ಬಿ "ಶುಕ್ರನ್" ದಾಟದಿದ್ದರೆ ಚಿಂತೆಯಿಲ್ಲ, ಶಾಲೆಯಲ್ಲಿ ಅರಬ್ಬಿ ಕಲಿಯುವ ಮಗಳು ಪಕ್ಕದಲ್ಲೇ ಇದ್ದಾಳೆ. ನೀವು ಕನ್ನಡದಲ್ಲಿ ಕೇಳಿ, ಅವಳು ಅರಬ್ಬಿಯಲ್ಲಿ ಕೇಳಲಿ, ಬಂದ ಉತ್ತರವನ್ನು ಮತ್ತೆ ನಿಮಗೆ ಕನ್ನಡದಲ್ಲಿ ಹೇಳಲಿ. ಮೊದಲ ಪ್ರಶ್ನೆ, ಈ ಫಲಜ್‌ನ ವಕೀಲ್ ಯಾರು? ಎರಡನೆಯದು, ಮುಂದೆ ಹೂಳೆತ್ತುವುದು ಯಾವಾಗ, ಹಗ್ಗ ಎಳೆಯಲು ನಾವೂ ಬರಬಹುದೇ?